ಅಂಗಿಯಲ್ಲಿ ಹೊಲಿದ ಮೈಕು

ರಾಯದುರ್ಗದ ಕೋಟೆಬೆಟ್ಟದ ಬುಡದಲ್ಲಿರುವ ಮಠದ ಅಂಗಳದಲ್ಲಿ, ಮೈಕಿನ ನೆರವಿಲ್ಲದೆ, ಚಪ್ಪಲಿ ಬಿಡುವ ಕಟ್ಟೆಯ ಬಳಿ ಕುಳಿತ ಕಟ್ಟಕಡೆಯವರಿಗೂ ಒಂದಕ್ಷರ ಜಾರದಂತೆ ಪುರಾಣ ಓದಿದವನು ತಾನು ಎಂಬುದು ದೊಡ್ಡಮಲ್ಲಪ್ಪನವರು ಯಾರೆದುರಿಗೂ ಸಂಕೋಚವಿಲ್ಲದೆ ಹೇಳಿಕೊಳ್ಳಬಲ್ಲ ಒಂದೇ ಒಂದು ಮಾತಾಗಿತ್ತು. ಅದನ್ನು ಅವರು ಹೇಳಿಕೊಂಡದ್ದೂ ಕಡಮೆ. ಕಷ್ಟಪಟ್ಟು ಗಳಿಸಿದ್ದನ್ನು ಪದೇ ಪದೇ ಹೊರಗೆ ತೆಗೆದರೆ ಸವೆಯುತ್ತದೆ ಎಂಬ ದರ್ಜಿಯ ಜಾಗರೂಕತೆ ಅವರದು.

ಆಗ ಅವರಿಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮನೆಮಾತು ಕನ್ನಡವಾದರೂ ಕಲಿತದ್ದು ತೆಲುಗು ಶಾಲೆಯಲ್ಲಿ. ಅದೂ ಐದನೆಯ ತರಗತಿಗೆ ಮುಗಿದು ಕೈಗೆ ಕತ್ತರಿ ಬಂದಿತ್ತು. ಶ್ರಾವಣಮಾಸವಿಡೀ ಮಠದಲ್ಲಿ ಸಂಜೆ ಪುರಾಣ ನಡೆಯುತ್ತಿತ್ತು. ಒಬ್ಬರು ಪದ್ಯ ಓದುವರು, ಇನ್ನೊಬ್ಬರು ಅರ್ಥ ಹೇಳುವರು. ಓದುತ್ತಿದ್ದ ಹಂಪಣ್ಣನವರ ಕಣ್ಣಿಗೆ ಪೊರೆ ಬಂದು, ಮುಂದಿನ ಶ್ರಾವಣಕ್ಕೆ ಓದುವವರು ಯಾರು ಎಂಬ ಮಾತು ಎದ್ದಾಗ, ಕನ್ನಡ ಅಕ್ಷರವನ್ನೇ ಕಲಿಯದ ದರ್ಜಿಯೊಬ್ಬ ನಾನು ಓದುತ್ತೇನೆ ಎಂದು ಮುಂದೆ ಬಂದುದನ್ನು ಕಂಡು ಓಣಿಗೆ ಓಣಿಯೇ ನಕ್ಕಿತು. ಹಂಪಣ್ಣನವರು ನಗಲಿಲ್ಲ, ಹತ್ತಿರ ಸೇರಿಸಿಕೊಳ್ಳಲೂ ಇಲ್ಲ. ಅಕ್ಷರ ಕಲಿತು ಬಾ ಎಂದರು. ಕಲಿತು ಬಂದ ಮೇಲೆ, ತಾವು ಅಂಗಳದ ಒಂದು ತುದಿಯಲ್ಲಿ ಗೋಡೆಗೊರಗಿ ಕುಳಿತು, ಈತನನ್ನು ಇನ್ನೊಂದು ತುದಿಯ ಕಂಬದ ಬಳಿ ನಿಲ್ಲಿಸಿ, ಯುಗಾದಿಯಿಂದ ಶ್ರಾವಣದವರೆಗೆ ಪದ್ಯ ಹೇಳಿಸಿದರು. ಎಷ್ಟು ಹೇಳಿದರೂ ಆ ತುದಿಯಿಂದ ಬರುತ್ತಿದ್ದುದು ಒಂದೇ ಮಾತು: "ಕೇಳ್ಸಲಿಲ್ಲ." ಕೂಗಿದರೆ, "ಕೂಗಬ್ಯಾಡ, ಓದು." ಕೂಗದೆ ದೂರಕ್ಕೆ ದನಿಯನ್ನು ಕಳಿಸುವ ಹದ ಸಿಕ್ಕುವಷ್ಟರಲ್ಲಿ ಈತನ ಗಂಟಲು ಹಲವು ಸಲ ಒಡೆದು ಹಲವು ಸಲ ಕೂಡಿತ್ತು. ಆ ವರ್ಷ ಓದಿದರು. ಆಮೇಲೆ ಮೂವತ್ತಕ್ಕೂ ಮಿಕ್ಕಿ ಶ್ರಾವಣಗಳು ಅವರವೇ ಆದವು.

ಆ ದನಿಯ ಪೆಟ್ಟಿಗೆಯನ್ನೇ ಈಗ ತೆಗೆದುಹಾಕಬೇಕೆಂದು ವೈದ್ಯರು ಹೇಳಿದ್ದರು. ಹುಣ್ಣು ಅಲ್ಲಿ ಬೇರೂರಿದೆ; ಪೆಟ್ಟಿಗೆ ಹೋದರೆ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ಆಸ್ಪತ್ರೆ ಗಡಿಯಾಚೆಯ ದೊಡ್ಡ ಊರಿನಲ್ಲಿ. ಹೋಗುವ ದಾರಿಯಲ್ಲಿ ಮಡಕಶಿರದ ಮಗಳ ಮನೆಯಲ್ಲಿ ಒಂದು ದಿನ ತಂಗಿ, ಬೆಳಗಿನ ಬಸ್ಸು ಹಿಡಿಯುವುದೆಂದು ತೀರ್ಮಾನವಾಗಿತ್ತು. ದೊಡ್ಡಮಲ್ಲಪ್ಪನವರು ಎಲ್ಲಕ್ಕೂ ತಲೆಯಾಡಿಸಿದರು. ಎಪ್ಪತ್ತಾರರ ದೇಹಕ್ಕೆ ವಾದಿಸುವ ಉತ್ಸಾಹ ಉಳಿದಿರಲಿಲ್ಲ. ಅವರಿಗೆ ಬೇಕಾಗಿದ್ದುದು ಒಂದೇ. ಹೋಗುವುದು ಹೋಗಲಿ, ಅದಕ್ಕೆ ಮುಂಚೆ ಓದುವ ಆ ದನಿ ಹೇಗಾದರೂ ಮನೆಯಲ್ಲಿ ಉಳಿಯಬೇಕು. ಇಷ್ಟು ವರ್ಷ ಮಠದಲ್ಲಿ ಓದಿದರೂ ಅದನ್ನು ಯಾರೂ ಯಂತ್ರದಲ್ಲಿ ತುಂಬಿಕೊಂಡಿರಲಿಲ್ಲ. ಇದ್ದಾಗ ಯಾರಿಗೂ ಅದು ತೋಚಿರಲಿಲ್ಲ.

ಸುದ್ದಿ ಕೇಳಿ ಮಡಕಶಿರದಿಂದ ಬಂದ ಮೊಮ್ಮಗಳು ಭುವನಾಳ ಚೀಲದಲ್ಲಿ ಅಂಗೈಯಗಲದ ರೆಕಾರ್ಡರು ಒಂದಿತ್ತು. ಅವಳು ಅಲ್ಲಿಯ ಶಾಲೆಯೊಂದರಲ್ಲಿ ಸಣ್ಣ ಮಕ್ಕಳಿಗೆ ಕನ್ನಡ ಕಲಿಸುವವಳು. ಪದ್ಯಗಳನ್ನು ಹೇಳಿ ತುಂಬಿಟ್ಟುಕೊಂಡು ತರಗತಿಯಲ್ಲಿ ಕೇಳಿಸಲು ಅದನ್ನು ಕೊಂಡಿದ್ದಳು. ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿ, ತಾತನಿಂದ ನಾಲ್ಕು ಸಾಲು ಓದಿಸಿ, ತಿರುಗಿಸಿ ಕೇಳಿಸಿದಳು. ದನಿ ಎಲ್ಲೋ ಹಿಂದೆ ಇತ್ತು. ಮುಂದೆ ಒಂದೇ ಸಮನೆ ಗುಂಯ್ಗುಡುವ ಸದ್ದು.

"ಇದೇನವ್ವ ಸದ್ದು? ಕೆಟ್ಟೈತೇನು ನಿನ್ನ ಪೆಟಿಗಿ?"

"ಮಷಿನ್ನು ತಾತ."

"ಯಾವ ಮಷಿನ್ನು?"

ಭುವನಾ ಕಿಟಕಿಯ ಕಡೆ ಕೈ ತೋರಿಸಿದಳು. ಕೆಳಗೆ ಮಗ ಸಿದ್ದರಾಮೇಶನ ಷೆಡ್ಡಿನಲ್ಲಿ ಜೀನ್ಸ್ ಪ್ಯಾಂಟುಗಳಿಗೆ ಹೊಲಿಗೆ ಬೀಳುತ್ತಿತ್ತು. ಪಕ್ಕದ ಮನೆಯಲ್ಲೂ, ಎದುರು ಮನೆಯಲ್ಲೂ, ಅದರ ಹಿಂದಿನ ಓಣಿಯಲ್ಲೂ. ದೊಡ್ಡಮಲ್ಲಪ್ಪನವರು ಕಿವಿಗೊಟ್ಟರು. ಕೇಳಿಸಬೇಕೆಂದು ಕುಳಿತು ಕೇಳಿದ ಮೇಲೆ ಅವರಿಗದು ಕೇಳಿಸಿತು. ಐವತ್ತು ವರ್ಷದಿಂದ ಅದು ಅವರ ಕಿವಿಗೆ ಸದ್ದೇ ಆಗಿರಲಿಲ್ಲ.

"ಬೇರೆ ಮೈಕು ಬೇಕು ತಾತ," ಎಂದಳು ಭುವನಾ. "ಕಿವಿಗೆ ಹಾಕ್ಕೊಂಡು ಕೇಳೋಕೆ ಒಂದು ಹೆಡ್‌ಫೋನೂ ಬೇಕು."

"ಚಿರಂಜೀವಿ ಇದ್ದಾನಲ್ಲ," ಎಂದರು ಅವರು, ಏಳಲು ಗೋಡೆ ಹಿಡಿಯುತ್ತ. ಮದುವೆ, ಮೆರವಣಿಗೆ, ಚುನಾವಣೆಯ ಭಾಷಣ, ಊರಿನಲ್ಲಿ ಎಲ್ಲಿ ಜೋರಾಗಿ ಮಾತಾಡಬೇಕಾದರೂ ಮೈಕು ಚಿರಂಜೀವಿಯ ಅಂಗಡಿಯದೇ.

ಅಂಗಡಿಯೆಂದರೆ ಶಾಮಿಯಾನದ ಬಟ್ಟೆಯ ಸುರುಳಿಗಳ ನಡುವೆ ಒಂದು ಮೇಜು, ಎರಡು ಕುರ್ಚಿ. ಐವತ್ತು ದಾಟಿದ ಚಿರಂಜೀವಿ ಎದ್ದು ನಿಂತು ಕುರ್ಚಿಯ ಧೂಳು ಒರಸಿದ.

"ಬರ್ರಿ ಮಾವಾರ, ಕುಂದರ್ರಿ. ನೀವು ನನ್ನ ಅಂಗಡಿಗೆ? ಮೈಕು ಕಂಡ್ರ ಮೂಗು ಮುರೀತಿದ್ರಿ! ನಮ್ಮಪ್ಪ ಮಠಕ್ಕ ಸೆಟ್ ತಂದಾಗ 'ಎತ್ಗೊಂಡು ಹೋಗಲೇ' ಅಂತ ಬೈದು ಕಳ್ಸಿದ್ರಂತ."

"ಈಗೂ ಬೇಕಾಗಿದ್ದು ನನಗಲ್ಲ. ಈಕೀಗೆ."

"ಆತು ಬಿಡ್ರಿ, ಅಕ್ಕೋರಿಗೇ ಕೊಡಾಮು."

ಅವನು ಮೇಜಿನ ಮೇಲೆ ಒಂದೊಂದಾಗಿ ತೆಗೆದಿಟ್ಟ. ಮೊದಲನೆಯದು ಕಾಲು ಕೊಟ್ಟು ನಿಲ್ಲಿಸುವ, ದಪ್ಪ ತಲೆಯ ಮೈಕು. ಅದನ್ನು ರೆಕಾರ್ಡರಿಗೆ ಸಿಕ್ಕಿಸಿ ಭುವನಾ ಕೇಳಿ ನೋಡಿದಳು. ತಾತನ ಉಸಿರು ಕೇಳಿಸಿತು; ರಸ್ತೆಯಲ್ಲಿ ಹೋದ ಆಟೋ ಕೇಳಿಸಿತು; ಮೂರನೆಯ ಅಂಗಡಿಯಲ್ಲಿ ಯಾರೋ ತೆಲುಗಿನಲ್ಲಿ ಚೌಕಾಸಿ ಮಾಡುತ್ತಿದ್ದುದೂ ಕೇಳಿಸಿತು. ಊರನ್ನೆಲ್ಲ ಒಳಗೆಳೆದುಕೊಳ್ಳುವ ಆ ಮೈಕನ್ನು ಹೊಲಿಗೆಯ ಓಣಿಗೆ ಒಯ್ಯುವುದು ಆಗದ ಮಾತು. ಎರಡನೆಯದು ಹಳೆಯ ಕೈಮೈಕು, ಜಾಲರಿಯ ತಲೆ ನೆಗ್ಗಿತ್ತು. ತುಟಿಗೆ ತಾಗುವಂತೆ ಹಿಡಿದರೆ ಮಾತ್ರ ದನಿ ತೆಗೆದುಕೊಳ್ಳುತ್ತದೆ. ಒಂದು ಗೇಣು ದೂರವಾದರೆ ಕಿವುಡು.

"ಇದು ಬ್ಯಾಡ," ಎಂದರು ದೊಡ್ಡಮಲ್ಲಪ್ಪನವರು. "ಓದೋ ಮುಂದ ಬಾಯಿಗೆ ಅಡ್ಡ ಏನೂ ಇರಬಾರದು. ಜೋಳದ ತೆನಿ ಕಡದಂಗ ಕಾಣ್ತೈತಿ."

ಚಿರಂಜೀವಿ ನಕ್ಕು ಮೂರನೆಯದನ್ನು ತೆಗೆದ. ಕಡಲೆಕಾಳಿನಷ್ಟು ದಪ್ಪ, ಉದ್ದ ಕರಿಯ ವೈರು, ಅಂಗಿಗೆ ಕಚ್ಚುವ ಸಣ್ಣ ಚಿಮಟ. "ಟಿ.ವಿ.ಯೋರು ಇದನ್ನೇ ಹಾಕ್ಕೋತಾರ್ರಿ. ಕಾಲರ್ ಮೈಕು. ಎದಿ ಮ್ಯಾಲ ಕುಂದರ್ತೈತಿ, ಬಾಯಿಗೂ ಹತ್ರ, ಹೊರಗಿನ ಸದ್ದೂ ಕಡಮಿ. ಮಾವಾರಿಗೆ ಹೇಳಿ ಮಾಡಿಸಿದಂಗ ಐತಿ."

ಅದೇ ಆಗಲಿ ಎಂದಾಯಿತು. ಹೆಡ್‌ಫೋನಿನ ಸರದಿ ಬಂದಾಗ ಮೂವರೂ ದಣಿದಿದ್ದರು. ಚಿರಂಜೀವಿ ಒಳಗಿನಿಂದ ತಂದದ್ದು ಎರಡೂ ಕಿವಿಗಳನ್ನು ಬಟ್ಟಲಿನಂತೆ ಮುಚ್ಚಿ ಬಿಗಿಯುವ, ಭಾರವಾದ ಹೆಡ್‌ಫೋನು. ನೂರು ಮದುವೆಗಳ ಬೆವರನ್ನು ಕುಡಿದು ಅದರ ದಿಂಬುಗಳು ಕಪ್ಪಾಗಿದ್ದವು. ಭುವನಾ ಮೂಗಿನ ಬಳಿ ತಂದು ಮೆಲ್ಲನೆ ಕೆಳಗಿಟ್ಟಳು.

"ನನ್ನ ಹತ್ರ ಫೋನಿನ ಇಯರ್‌ಫೋನು ಐತೆ. ಸಾಕಾಗ್ತೈತೆ ಅಲ್ವಾ?"

"ಸಾಕ್ರಿ, ಯಾಕ ಸಾಲಲ್ಲ," ಎಂದ ಚಿರಂಜೀವಿ, ಹೊರಗೆ ಕಾಯುತ್ತಿದ್ದ ಗಿರಾಕಿಯ ಕಡೆ ನೋಡುತ್ತ.

ಮನೆಗೆ ಬಂದ ಮೇಲೆ ದೊಡ್ಡಮಲ್ಲಪ್ಪನವರು ತಮ್ಮ ಬಿಳಿಯ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು ಕುಳಿತರು. ಪುರಾಣ ಓದಲು ಕುಳಿತವನ ಎದೆಯ ಮೇಲೆ ಕರಿಯ ಜಿರಲೆಯಂತೆ ಒಂದು ಚಿಮಟ ಕಚ್ಚಿಕೊಂಡಿರುವುದನ್ನು ಅವರ ಮನಸ್ಸು ಒಪ್ಪಲಿಲ್ಲ. ಗುಂಡಿಪಟ್ಟಿಯ ಎರಡು ಪದರಗಳನ್ನು ಬ್ಲೇಡಿನ ತುದಿಯಿಂದ ಬಿಡಿಸಿದರು. ಒಳಗೆ ಮೈಕಿನ ಅಳತೆಗೆ ಸರಿಯಾಗಿ ಒಂದು ಗೂಡು ಮಾಡಿದರು. ವೈರು ಪಕ್ಕದ ಹೊಲಿಗೆಯ ಒಳಗೇ ಇಳಿದು ಜೇಬಿನ ಕೆಳಗೆ ಹೊರಬರುವಂತೆ ದಾರಿ ಬಿಟ್ಟು, ಮೇಲೆ ಕೈಹೊಲಿಗೆ ಹಾಕಿ ಮುಚ್ಚಿದರು. ಹೊಲಿಗೆ ಹಳೆಯದರ ಮೇಲೆ ಹಳೆಯದರಂತೆಯೇ ಕುಳಿತಿತು. ಭುವನಾ ಅಂಗಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೈಕು ಎಲ್ಲಿದೆ ಎಂಬುದು ಹೊರಗಿನಿಂದ ಗೊತ್ತೇ ಆಗುತ್ತಿರಲಿಲ್ಲ.

ಹೆಂಡತಿ ಶಂಕ್ರಮ್ಮ ಬಾಗಿಲಿಗೆ ಬಂದು ನಿಂತರು. ಅವರು ಅಗಳಿ ಕಡೆಯ ಹೆಣ್ಣುಮಗಳು. ಈ ಊರಿಗೆ ಸೊಸೆಯಾಗಿ ಬಂದು ಮುದುಕಿಯಾದರೂ ತವರಿನ ಮಾತು ಬಿಟ್ಟಿರಲಿಲ್ಲ. ಗಂಡನ ಪಕ್ಕದ ಮಷಿನ್ನಿನಲ್ಲಿ ಬಹುಕಾಲ ಕುಳಿತದ್ದಕ್ಕೆ ಕಿವಿ ಮಂದವಾಗಿತ್ತು.

"ಏನಮ್ಮಿ, ಸಾಯೋ ಕಾಲ್ದಾಗೆ ಅಂಗಿಗೆ ಬಾಯಿ ಹೊಲ್ಕತಾವ್ರಾ ನಿಮ್ತಾತ?"

"ಸಾಯೋದಿಲ್ಲ ಅಂತ ಡಾಕ್ಟ್ರು ಹೇಳ್ಯಾನ," ಎಂದರು ಅವರು ದನಿಯೆತ್ತಿ. "ಬಾಯಿ ಮುಚ್ತೈತಿ ಅಷ್ಟ. ನಿನಗ ಹಬ್ಬ."

"ಏನಂದ್ರು?"

"ಏನಿಲ್ಲಜ್ಜಿ," ಎಂದಳು ಭುವನಾ.

ಮರುದಿನ ಬೆಳಿಗ್ಗೆ ಸಿದ್ದರಾಮೇಶ ಷೆಡ್ಡಿನ ಮಷಿನ್ನುಗಳನ್ನು ನಿಲ್ಲಿಸಿ ಕೆಲಸದವರನ್ನು ಚಹಾಕ್ಕೆ ಕಳಿಸಿದ. ಪಕ್ಕದ ಮನೆಗಳವರು ನಿಲ್ಲಿಸಲಿಲ್ಲ. ಕೇಳುವ ಹಕ್ಕೂ ಇವರಿಗಿರಲಿಲ್ಲ. ಬೆಳಗಿನ ಹೊತ್ತು, ಬಿಸಿನೀರು ಕುಡಿದ ಮೇಲೆ, ಸ್ವಲ್ಪ ಕಾಲ ದೊಡ್ಡಮಲ್ಲಪ್ಪನವರ ಗಂಟಲು ತಿಳಿಯಾಗುತ್ತಿತ್ತು. ವಿಭೂತಿ ಹಚ್ಚಿ, ಆ ಅಂಗಿ ತೊಟ್ಟು, ಪುಸ್ತಕಕ್ಕೆ ಕೈಮುಗಿದು ಓದತೊಡಗಿದರು. ಮೊದಲಿನ ಕೆಲವು ಪದ್ಯ ಗೊರಗೊರ ಎಂದವು. ಆಮೇಲೆ ಎಲ್ಲಿಂದ ಬಂತೋ, ಹೊಟ್ಟೆಯ ಅಡಿಯಿಂದ ಉಸಿರು ಎದ್ದುಬಂತು. ಭುವನಾ ಗೋಡೆಗೊರಗಿ, ಎರಡು ಕಿವಿಗೂ ಇಯರ್‌ಫೋನಿಟ್ಟುಕೊಂಡು, ರೆಕಾರ್ಡರಿನ ಸಣ್ಣ ದೀಪವನ್ನೇ ನೋಡುತ್ತ ಕುಳಿತಿದ್ದಳು. ತಾತನ ದನಿ ಕೋಣೆಯಲ್ಲಿ ತುಂಬಿತ್ತು. ಕಿವಿಯಲ್ಲಿ ಅದರ ಜೊತೆಗೆ ಏನೋ ಕರಕರ ಸದ್ದೂ ಇತ್ತು. ಪಕ್ಕದ ಮನೆಯಲ್ಲಿ ಬಟ್ಟೆ ಎಳೆಯುವ, ಮಷಿನ್ನು ತಿರುಗುವ ಸದ್ದು ಅದು ಎಂದುಕೊಂಡಳು. ಬೇರೆ ಯಾವ ಊರಿನವರಾಗಿದ್ದರೂ ಅದೇನೆಂದು ನಿಲ್ಲಿಸಿ ನೋಡುತ್ತಿದ್ದರೇನೋ. ಬಟ್ಟೆಯ ಸದ್ದು ಈ ಓಣಿಯಲ್ಲಿ ಗಾಳಿಯಂತೆ ಇದ್ದೇ ಇರುವುದು. ಅದನ್ನು ಅನುಮಾನಿಸುವವರು ಯಾರು?

ಇಡೀ ಒಂದು ಸಂಧಿ ಮುಗಿಯಿತು. ಕೊನೆಯ ಪದ್ಯವನ್ನು ಅವರು ಮಠದ ಅಂಗಳ ಮುಂದಿದೆಯೇನೋ ಎಂಬಂತೆ ಎತ್ತಿ ಹೇಳಿ, ಪುಸ್ತಕ ಮುಚ್ಚಿ, ಎದೆ ಹಿಡಿದುಕೊಂಡು ಬಹಳ ಹೊತ್ತು ಕೆಮ್ಮಿದರು. ಸಂಜೆಯ ವೇಳೆಗೆ ದನಿ ಪೂರ್ತಿ ಕುಸಿದು ಬರಿಯ ಗಾಳಿಯಾಯಿತು. ಅವರಿಗೆ ಅದರ ವ್ಯಥೆ ಇರಲಿಲ್ಲ. ಕೊಡಬೇಕಾದ್ದನ್ನು ಕೊಟ್ಟಾಗಿತ್ತು. ಆ ದಿನ ಅವರು ಎರಡು ತುತ್ತು ಹೆಚ್ಚಿಗೆ ಉಂಡರು.

ತುಂಬಿದ್ದನ್ನು ಒಂದು ಪ್ರತಿ ಮಾಡಿಸಿಡಲು ಭುವನಾ ಮಾರನೆಯ ದಿನ ಚಿರಂಜೀವಿಯ ಅಂಗಡಿಗೆ ಹೋದಳು. ಅವನು ಆ ಕಪ್ಪು ಹೆಡ್‌ಫೋನನ್ನು ತನ್ನ ಕಿವಿಗೆ ಬಿಗಿದುಕೊಂಡು ಕೇಳಿದ. ಕೇಳುತ್ತ ಕೇಳುತ್ತ ಅವನ ಮುಖದ ಮಾತುಗಾರಿಕೆಯೆಲ್ಲ ಇಳಿದುಹೋಯಿತು.

"ಅಕ್ಕೋರೇ," ಎಂದ, "ಮೈಕನ್ನ ಎಲ್ಲಿ ಇಟ್ಟಿದ್ರಿ?"

"ಅಂಗಿ ಒಳಗೆ. ತಾತ ಪಟ್ಟಿ ಬಿಚ್ಚಿ ಹೊಲ್ದಿದ್ರು. ಎಷ್ಟು ಚೆನ್ನಾಗಿ—"

ಅವನು ಹೆಡ್‌ಫೋನನ್ನು ಅವಳಿಗೆ ಕೊಟ್ಟ. ಅವಳ ಕಿವಿಗಳ ಮೇಲೆ ಅದು ಕೂರುತ್ತಲೇ ಅಂಗಡಿ, ರಸ್ತೆ, ಆಟೋ ಎಲ್ಲ ಅಳಿಸಿಹೋದವು. ಉಳಿದದ್ದು ಬಟ್ಟೆ. ಗಂಜಿ ಹಾಕಿದ ಬಿಳಿ ಬಟ್ಟೆಯ ಎರಡು ಪದರ, ಪ್ರತಿ ಉಸಿರಿಗೂ ಮೈಕಿನ ಮೈಮೇಲೆ ಕರಕರನೆ ಉಜ್ಜುತ್ತಿತ್ತು. ಅದರ ಅಡಿಯಲ್ಲಿ ಧಪ್, ಧಪ್ ಎಂದು ಎದೆಯ ಬಡಿತ. ಅವೆರಡರ ಹಿಂದೆ, ಬಾವಿಯೊಳಗಿಂದ ಕರೆದಂತೆ, ತಾತ ಓದುತ್ತಿದ್ದರು. ಒಂದು ಪದವೂ ಬಿಡಿಯಾಗಿ ಹಿಡಿಯಲು ಸಿಗುತ್ತಿರಲಿಲ್ಲ.

"ಇದನ್ನ ತೆಗೀಬೋದಾ? ಕಂಪ್ಯೂಟರಿನಾಗೆ?"

"ಮಷಿನ್ನಿನ ಸದ್ದಾದ್ರ ಒಂದಿಷ್ಟು ತೆಗೀಬೋದು. ಇದು ದನಿಗೇ ಅಂಟಿಬಿಟ್ಟೈತ್ರಿ." ಅವನು ತಲೆ ಕೆರೆದುಕೊಂಡ. "ತಪ್ಪು ನಂದೂ ಐತಿ. ಅಂಗಿ ಮ್ಯಾಲ ಕಚ್ಚಿಸ್ರಿ, ಬಟ್ಟಿ ತಾಗಬಾರದು ಅಂತ ಹೇಳ್ಬೇಕಿತ್ತು. ಅಂಗಿ ಬಿಚ್ಚಿ ಒಳಗ ಹೊಲೀತಾರ ಅಂತ ಯಾರಿಗೆ ಕನಸು ಬೀಳ್ತೈತ್ರಿ?"

ಭುವನಾ ಮನೆಗೆ ಬಂದಾಗ ದೊಡ್ಡಮಲ್ಲಪ್ಪನವರು ಮಂಚದ ಮೇಲೆ ಗೋಡೆಗೆ ದಿಂಬು ಕೊಟ್ಟು ಒರಗಿದ್ದರು. ಹೇಗೆ ಬಂತು ಎಂದು ಹುಬ್ಬಿನಲ್ಲೇ ಕೇಳಿದರು. ಅವಳು ಸುಳ್ಳು ಹೇಳಬಹುದಿತ್ತು. ದಾರಿಯುದ್ದಕ್ಕೂ ಅದನ್ನೇ ಸಿದ್ಧಮಾಡಿಕೊಂಡು ಬಂದಿದ್ದಳು. ಆದರೆ ಅವರೆದುರು ಕುಳಿತಾಗ ಬಾಯಿ ಬರಲಿಲ್ಲ. ಚಿರಂಜೀವಿ ಕೊಟ್ಟು ಕಳಿಸಿದ್ದ ಆ ಹೆಡ್‌ಫೋನನ್ನು ಅವರ ತಲೆಗೆ ಹಾಕಿ, ಗುಂಡಿ ಒತ್ತಿದಳು.

ಅವರು ಕೇಳಿದರು. ಅರ್ಧದಲ್ಲಿ ತೆಗೆದುಬಿಡುತ್ತಾರೆಂದು ಅವಳು ಕೈಚಾಚಿದಳು. ಬೇಡವೆಂದು ಸನ್ನೆ ಮಾಡಿ ಕೊನೆಯವರೆಗೂ ಕೇಳಿದರು. ಆಮೇಲೆ ಗೂಟದಲ್ಲಿದ್ದ ಅಂಗಿಯನ್ನು ತರಿಸಿಕೊಂಡು, ಗುಂಡಿಪಟ್ಟಿಯನ್ನು ಎರಡು ಬೆರಳುಗಳ ನಡುವೆ ಉಜ್ಜಿ ನೋಡಿದರು. ಕರಕರ ಎಂದಿತು. ಎಷ್ಟೋ ಅಂಗಿಗಳಿಗೆ ಇದೇ ಬಿರುಸು ಬರಲೆಂದು ಒಳಪದರ ಕೊಟ್ಟ ಬೆರಳುಗಳವು.

"ತಾತ, ನಾನು ಸರಿಯಾಗಿ ಕೇಳಿಸ್ಕೋಬೇಕಿತ್ತು. ಆ ಹೆಡ್‌ಫೋನು ವಾಸನೆ ಅಂತ ನಾನೇ ಬಿಟ್ಟುಬಂದೆ."

ಅವರು ಏನೋ ಹೇಳಿದರು. ಗಾಳಿ ಮಾತ್ರ ಬಂತು. ಅವಳು ಬಾಗಿ ಕಿವಿ ಕೊಟ್ಟಳು.

"ಬ್ಲೇಡು ಕೊಡು."

ಅವರು ಹಾಕಿದ ಹೊಲಿಗೆಯನ್ನು ಅವರೇ ಒಂದೊಂದಾಗಿ ಬಿಡಿಸಿದರು. ಮೈಕು ಹೊರಗೆ ಬಂದಾಗ ಅದನ್ನು ಅವಳ ಕೈಯಲ್ಲಿಟ್ಟು, ಗೋಡೆಯ ಕಡೆ ಹೊರಳಿ ಮಲಗಿದರು. ಅವರ ಬೆನ್ನನ್ನು ನೋಡಲಾರದೆ ಭುವನಾ ಮತ್ತೆ ಅಂಗಡಿಗೆ ಹೋಗಿ, ಕಾಲರ್ ಮೈಕನ್ನು ಹಿಂದಿರುಗಿಸಿ, ತಲೆ ನೆಗ್ಗಿದ ಕೈಮೈಕನ್ನು ಕೇಳಿ ಪಡೆದಳು. ರೆಕಾರ್ಡರಿಗೆ ಕೂಡುವ ವೈರನ್ನು ಚಿರಂಜೀವಿ ಅಲ್ಲೇ ಕುಳಿತು ಬೆಸೆದುಕೊಟ್ಟ. ತುಟಿಗೆ ತಾಗದಿದ್ದರೆ ಕಿವುಡಾಗುವ ಮೈಕು. ತಾಗಿದರೆ ಪಿಸುಮಾತನ್ನೂ ಬಿಡದ ಮೈಕು. ಅದನ್ನೇ ಮೊದಲು ಬೇಡವೆಂದಿದ್ದರು.

ಕಲ್ಯಾಣದುರ್ಗದಲ್ಲಿ ಒಮ್ಮೆ, ಪಾವಗಡದಲ್ಲಿ ಒಮ್ಮೆ ಬಸ್ಸು ಬದಲಾಯಿಸಿ, ಗಂಡ, ಹೆಂಡತಿ, ಮೊಮ್ಮಗಳು ಮೂವರೂ ಮಡಕಶಿರ ತಲಪುವ ಹೊತ್ತಿಗೆ ಮಧ್ಯಾಹ್ನ ಇಳಿಯುತ್ತಿತ್ತು. ಮಗಳು ಮಂಗಳಾ ಬಿಸಿನೀರು ಕೊಟ್ಟಳು, ಗಂಜಿ ಕೊಟ್ಟಳು, ಅಪ್ಪನ ಮುಖ ನೋಡಲಾರದೆ ಅಡುಗೆಮನೆಯಲ್ಲೇ ಉಳಿದಳು. ಹಿಂದಿನ ಕೋಣೆಯ ಕಿಟಕಿ ಬೆಟ್ಟದ ಕಡೆಗಿತ್ತು. ಅಲ್ಲಿ ಮಷಿನ್ನುಗಳಿರಲಿಲ್ಲ. ಆ ಮೌನಕ್ಕೆ ದೊಡ್ಡಮಲ್ಲಪ್ಪನವರ ಕಿವಿ ಒಗ್ಗದೆ, ಯಾರೋ ಏನೋ ನಿಲ್ಲಿಸಿಬಿಟ್ಟರು ಎಂಬಂತೆ ಅವರು ಆಗಾಗ ತಲೆ ಎತ್ತುತ್ತಿದ್ದರು.

ಭುವನಾ ಮೈಕನ್ನೂ ಹೆಡ್‌ಫೋನನ್ನೂ ತಂದು ಅವರ ಮುಂದಿಟ್ಟಳು.

"ಬ್ಯಾಡ," ಎಂದಿತು ಗಾಳಿ. "ಓದಕ ಆಗಲ್ಲ. ನೋಡೀಯಲ್ಲ."

"ಓದಬೇಡಿ ತಾತ. ಮಾತಾಡಿ."

"ಮಾತು ಯಾರಿಗೆ ಬೇಕವ್ವ? ಕೆಮ್ಮೋದು, ಚಾ ಕೇಳೋದು..." ಅವರು ಉಸಿರು ತೆಗೆದುಕೊಂಡರು. "ಚಪ್ಪಲಿ ಕಟ್ಟಿತನಕ ಮುಟ್ಟಿದ ದನಿ ಅದು. ಈಗ ಈ ತೆನಿ ಬಾಯಾಗ ಇಟ್ಗಂಡು ಪಿಸಿಪಿಸಿ ಅನ್ನಲೇನು?"

ಆಗ ಇದುವರೆಗೆ ಇಬ್ಬರ ತುಟಿಗಳನ್ನೂ ನೋಡುತ್ತ, ಏನೂ ಕೇಳಿಸದೆ ಕುಳಿತಿದ್ದ ಶಂಕ್ರಮ್ಮ ಕೈಚಾಚಿ ಹೆಡ್‌ಫೋನನ್ನು ಎತ್ತಿಕೊಂಡರು.

"ಇದ್ಯಾಕಮ್ಮಿ ಇಷ್ಟು ದಪ್ಪ? ಎತ್ತಿನ ಕತ್ತಿಗೆ ಕಟ್ಟೋ ಹಂಗೈತೆ." ಹೇಳುತ್ತಲೇ ತಲೆಗೆ ಏರಿಸಿಕೊಂಡರು. ಭುವನಾ ರೆಕಾರ್ಡರು ಹಾಕಿ, ಮೈಕನ್ನು ತಾತನ ತುಟಿಯ ಬಳಿ ಹಿಡಿದು, ಅಜ್ಜಿಯ ಕಿವಿಗೆ ಆಗುವಷ್ಟು ದನಿ ಏರಿಸಿದಳು.

"ಏನ್ ಮಾಡ್ತೀಯೇ ಮುದುಕಿ," ಎಂದರು ದೊಡ್ಡಮಲ್ಲಪ್ಪನವರು, ಬೇಸರಕ್ಕೆ.

ಶಂಕ್ರಮ್ಮ ಬೆಚ್ಚಿ ಹಿಂದೆ ತಿರುಗಿ ನೋಡಿದರು. ಆಮೇಲೆ ಗಂಡನನ್ನು ನೋಡಿದರು. ಅವರ ಮುಖ ನಿಧಾನವಾಗಿ ಅರಳಿತು.

"ಅಯ್ಯೋ ಶಿವನೆ!" ಎಂದರು, ಬೀದಿಗೆ ಕೇಳುವಷ್ಟು ಜೋರಾಗಿ. "ಇವ್ರು ನನ್ ಕಿವಿಯಾಗೇ ಕುಂತವ್ರೆ ಕಣಮ್ಮಿ! ಇಷ್ಟು ಮೆತ್ತಗೆ ಮಾತಾಡಿದ್ದು ನಾನು ಕೇಳೇ ಇಲ್ಲ. ಮದ್ವೆ ಆದಾಗ್ನಿಂದ ಬರೀ ಕೂಗಾಡಿದ್ದೇ ಕೇಳೀವ್ನಿ."

"ಮೊದ್ಲು ಕೂಗ್ಲಿಲ್ಲ. ನಿನ್ನ ಕಿವಿ ಕೆಟ್ಟ ಮ್ಯಾಲ ಕೂಗಿದ್ದು."

"ಕಿವಿ ಕೆಟ್ಟಿದ್ದು ಯಾರ್ ಮಷಿನ್ನಿಗೆ? ನಮ್ಮಪ್ಪನ ಮನೇದಾ?" ಅವರು ಹೆಡ್‌ಫೋನನ್ನು ಎರಡು ಕೈಯಲ್ಲೂ ಒತ್ತಿಕೊಂಡರು. "ಇನ್ನೂ ಏನಾದ್ರೂ ಯೋಳ್ರಿ. ಆ ಮಠದ ಕತೆ ಯೋಳ್ರಿ. ನಿಮ್ಮೊಮ್ಮಗ್ಳು ಸರಿಯಾಗಿ ಕೇಳೇ ಇಲ್ಲ ಅದ್ನ."

ದೊಡ್ಡಮಲ್ಲಪ್ಪನವರು ಮೈಕನ್ನು ದಿಟ್ಟಿಸಿದರು. ಆಮೇಲೆ ಸೋತವರ ಹಾಗೆ ಅದನ್ನು ಭುವನಾಳ ಕೈಯಿಂದ ತಾವೇ ತೆಗೆದುಕೊಂಡು, ತುಟಿಗೆ ತಂದುಕೊಂಡರು. ಶಂಕ್ರಮ್ಮ ಒಲ್ಲದ ಮನಸ್ಸಿನಿಂದ ಹೆಡ್‌ಫೋನು ಬಿಟ್ಟುಕೊಟ್ಟು, ಗಂಡನ ಬಾಯಿ ನೋಡಲು ಅನುಕೂಲವಾಗುವಂತೆ ಎದುರಿಗೆ ಸರಿದು ಕುಳಿತರು. ಭುವನಾ ಬಟ್ಟಲುಗಳನ್ನು ಕಿವಿಗೆ ಬಿಗಿದುಕೊಂಡಳು. ಬೆವರಿನ ವಾಸನೆ ಬಂತು. ಅದರ ಬೆನ್ನಿಗೇ ಕೋಣೆ ಅಳಿಸಿಹೋಗಿ, ತಾತನ ಉಸಿರು ಒಂದೇ ಉಳಿಯಿತು.

ಅವರು ಹೇಳಿದರು. ಓದಲಿಲ್ಲ, ದನಿ ಎತ್ತಲಿಲ್ಲ. ಎತ್ತಲು ಏನೂ ಇರಲಿಲ್ಲ. ಹಂಪಣ್ಣನವರು ಗೋಡೆಗೊರಗಿ ಕುಳಿತದ್ದು, ಕಂಬಕ್ಕೆ ನಿಂತು ತಾವು ಓದಿದ್ದು, ಎಷ್ಟು ಓದಿದರೂ ಆ ತುದಿಯಿಂದ ಕೇಳಿಸಲಿಲ್ಲವೆಂಬ ಮಾತೇ ಬಂದದ್ದು, ಒಂದು ದಿನ ಸಿಟ್ಟಿಗೆದ್ದು ಪುಸ್ತಕ ಕೆಳಗಿಟ್ಟು ಮನೆಗೆ ನಡೆದದ್ದು, ಓಣಿಯ ನಡುವೆ ನಿಂತು ಯೋಚಿಸಿ ಮತ್ತೆ ತಿರುಗಿದ್ದು. ತಿರುಗಿ ಬಂದಾಗ ಆ ಮುದುಕರು ಕುಳಿತಲ್ಲಿಂದ ಕದಲಿರಲಿಲ್ಲ. ನಡುನಡುವೆ ಉಸಿರು ತಪ್ಪುತ್ತಿತ್ತು, ಆಗ ನಿಲ್ಲಿಸುತ್ತಿದ್ದರು. ನಿಂತಲ್ಲಿ ಕಥೆಯ ಅರ್ಥ ಮುರಿಯುತ್ತಿರಲಿಲ್ಲ. ಅದೊಂದು ಕಲಿತದ್ದು ಮಾತ್ರ ಗಂಟಲನ್ನು ಬಿಟ್ಟು ಬೇರೆಲ್ಲೋ ಕುಳಿತಿತ್ತು.

"ಶ್ರಾವಣದ ಮೊದಲ್ನೇ ದಿನ ಓದಿ ಮುಗಿಸಿದೆ. ಜನ ಎದ್ದರು. ಹಂಪಣ್ಣಾರು ಎದ್ದು ಬಂದು ಏನರ ಅಂತಾರ ಅಂತ ಕಾದೆ. 'ನೀರು ಕುಡಿ' ಅಂದ್ರು. ಅಷ್ಟ. ಮುಂದ ಅವರು ಇರೋತನಕ ಆ ಮಾತೇ ಅಂದ್ರು, ಬ್ಯಾರೆ ಅನ್ಲಿಲ್ಲ." ಅವರು ಹೆಂಡತಿಯ ಕಡೆ ಕಣ್ಣು ತಿರುಗಿಸಿ, ತುಟಿಯನ್ನು ಬಿಡಿಸಿ ಬಿಡಿಸಿ ಹೇಳಿದರು. "ಈಕಿ ಅವತ್ತು ಕಡೀ ಸಾಲಿನಾಗ ಕುಂತಿದ್ಳು. ಚಪ್ಪಲಿ ಕಟ್ಟಿ ಹತ್ರ. ಈಕೀಗೂ ಕೇಳ್ಸಿತ್ತು."

"ಎಲ್ಲಿ ಕೇಳ್ಸಿತ್ತು?" ಎಂದರು ಶಂಕ್ರಮ್ಮ. "ನಿದ್ದೆ ಹೊಡ್ದಿದ್ದೆ ನಾನು. ನಾಕು ಗಂಟೆಗೆ ಎದ್ದು ರೊಟ್ಟಿ ಬಡಿದಿರೋ ಹೊಸಾ ಸೊಸೆಗೆ ಪುರಾಣ ಕೇಳ್ತಾ? ನಿಮ್ಮವ್ವ ತಿವಿದು ಎಬ್ಬಿಸಿದ್ರು, ಮಂಗ್ಳಾರ್ತಿಗೆ."

ದೊಡ್ಡಮಲ್ಲಪ್ಪನವರು ಮೈಕು ಹಿಡಿದ ಹಾಗೆಯೇ ಕುಳಿತರು. ಇದು ಅವರಿಗೆ ಇದುವರೆಗೆ ಗೊತ್ತಿರಲಿಲ್ಲ. ಆಮೇಲೆ ಅವರ ಹೆಗಲು ಅಲುಗಿತು, ಹೊಟ್ಟೆ ಅಲುಗಿತು. ಸದ್ದಿಲ್ಲದ ಆ ನಗೆ ಕೆಮ್ಮಾಗಿ ತಿರುಗಿ, ಕಣ್ಣಲ್ಲಿ ನೀರು ತರಿಸಿ ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಮಂಗಳಾ ಬಂದು ನಿಂತಿದ್ದಳು.

"ಸಾಕವ್ವ," ಎಂದರು ಅವರು ಮೈಕನ್ನು ಕೆಳಗಿಡುತ್ತ. "ನೋಡು, ಬಂದೈತೇನು."

ಭುವನಾ ಗುಂಡಿ ಒತ್ತಿ ಹಿಂದಕ್ಕೆ ಹೋಗಿ ಕೇಳಿದಳು. ಬಂದಿತ್ತು. ಬಟ್ಟೆಯ ಸದ್ದಿರಲಿಲ್ಲ, ಎದೆಯ ಸದ್ದಿರಲಿಲ್ಲ. ಪಿಸುದನಿಯ ಪ್ರತಿ ಪದ ಬಿಡಿ ಬಿಡಿಯಾಗಿ ನಿಂತಿತ್ತು, ಅಜ್ಜಿಯ ಬೈಗುಳ ದೂರದಿಂದ ಬಂದಿತ್ತು, ಕೆಮ್ಮೂ ಬಂದಿತ್ತು. ಮತ್ತೆ ಹೇಳಿಸುವ ಅಗತ್ಯ ಯಂತ್ರಕ್ಕಂತೂ ಇರಲಿಲ್ಲ. ಅವರಿಗೆ ಅದನ್ನು ತಲೆಯಾಡಿಸಿ ತಿಳಿಸಿದಳು. ಅವರು ಕಣ್ಣು ಮುಚ್ಚಿ ದಿಂಬಿಗೆ ಒರಗಿದರು.

ಅವಳು ರೆಕಾರ್ಡರನ್ನು ಆರಿಸಿ, ವೈರು ಸುತ್ತಿ, ಚೀಲಕ್ಕೆ ಹಾಕಿದಳು. ಹೆಡ್‌ಫೋನು ತೆಗೆದ ಮೇಲೆ ಕಿವಿಗಳು ಬಿಸಿಯಾಗಿದ್ದವು. ಹೊರಗೆ ಆಡೊಂದು ಕೂಗುತ್ತಿತ್ತು. ಕೋಣೆಯಲ್ಲಿ ತಾತನ ಉಸಿರು ಎಳೆದೆಳೆದು ಆಡುತ್ತಿತ್ತು. ಕಥೆ ಮುಗಿಯುವವರೆಗೆ ಅವಳು ರೆಕಾರ್ಡರಿನ ದೀಪವನ್ನು ನೋಡುತ್ತ, ಸದ್ದೆಲ್ಲಿ ಸೇರಿತೋ ಎಂದು ಕಾಯುತ್ತ ಕುಳಿತಿದ್ದಳು. ಅವರ ಎದುರೇ ಇದ್ದು, ಅವರ ಬಾಯಿಂದ ಅದನ್ನು ಅವಳು ಕೇಳಿರಲಿಲ್ಲ. ಮಂಚದ ಅಂಚಿಗೆ ಬಂದು, ಕಿವಿ ಅವರ ತುಟಿಗೆ ತಾಗುವಷ್ಟು ಹತ್ತಿರ ಬಾಗಿದಳು. ಅವರು ದಣಿದಿದ್ದಾರೆಂಬುದು ಅವಳಿಗೆ ಗೊತ್ತಿತ್ತು; ಬೆಳಗಾದರೆ ಬಸ್ಸು ಎಂಬುದೂ ಗೊತ್ತಿತ್ತು.

"ತಾತ," ಎಂದಳು, "ಮೈಕು ಆರಿಸಿದೀನಿ. ಬರೀ ಕಿವೀಲಿ ಕೇಳ್ಬೇಕು ನಾನು. ಇನ್ನೊಂದು ಸಲ ಹೇಳ್ತೀರಾ?"